ಮರಕ್ಕೆ ತಕ್ಕ ಮೆರುಗು

ಮರದ ಗೊಂಬೆ ಕೆತ್ತುವ ಹವ್ಯಾಸಕ್ಕೆ ಇಳಿಯುವವರು ಸಾಮಾನ್ಯವಾಗಿ ಉಳಿ, ಕೊಡತಿಗಳನ್ನು ಮೊದಲು ವಿಚಾರಿಸುತ್ತಾರಾದರೂ, ಗೊಂಬೆಯ ಮೈ ಕೊನೆಗೆ ಹೇಗೆ ಕಾಣಬೇಕೆಂಬ ನಿರ್ಧಾರವೇ ಮರದ ಆಯ್ಕೆಯನ್ನೂ ಕೆತ್ತನೆಯ ಸೂಕ್ಷ್ಮತೆಯನ್ನೂ ಗೊತ್ತುಮಾಡುತ್ತದೆ. ಕರ್ನಾಟಕದ ಎರಡು ಪರಂಪರೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ.

ಸಾಗರ, ಸೊರಬ ಮುಂತಾದೆಡೆಯ ಗುಡಿಗಾರರು ಕೆತ್ತುವ ಶ್ರೀಗಂಧದ ವಿಗ್ರಹಗಳಲ್ಲಿ ಮರದ ಸಹಜ ಬಣ್ಣವೇ ವಿಗ್ರಹದ ಬಣ್ಣ. ಗಂಧದ ಮರದ ಎಳೆ, ಅಂದರೆ ಕಾಂಡದ ಉದ್ದಕ್ಕೆ ಸಾಗುವ ನಾರುಗಳ ಜೋಡಣೆ, ಬಹಳ ಒತ್ತಾಗಿರುವುದರಿಂದ ಒಡವೆಯ ನವಿರಾದ ಗೆರೆಯೂ ಸಿಡಿಯದೆ ನಿಲ್ಲುತ್ತದೆ. ಬಣ್ಣ ಬಳಿದರೆ ಆ ಗೆರೆಯೂ ಪರಿಮಳವೂ ಮುಚ್ಚಿಹೋಗುವ ಕಾರಣ, ಉಜ್ಜಿ ನಯಗೊಳಿಸುವುದೇ ಕೊನೆಯ ಕೆಲಸ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿನ ಚಿತ್ರಗಾರ ಕುಟುಂಬಗಳು ಗೊಂಬೆಯ ಭಾಗಗಳನ್ನು ಹಗುರವಾದ ಮರದಲ್ಲಿ ಬಿಡಿಬಿಡಿಯಾಗಿ ಕೆತ್ತಿ ಅಂಟಿನಿಂದ ಕೂಡಿಸುತ್ತವೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಅದಕ್ಕೆ ಮರದ ಹೊಟ್ಟನ್ನೂ ಹುಣಸೆ ಬೀಜದ ಅಂಟನ್ನೂ ಬೆರೆಸಿದ ಕಿಟ್ಟವೆಂಬ ಮಿಶ್ರಣವನ್ನು ಗೊಂಬೆಯ ಮೈಗೆಲ್ಲ ಕೈಯಿಂದ ಮೆತ್ತಿ, ಅದರ ಮೇಲೆ ಹತ್ತಿಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಹಚ್ಚಿದ ಮೇಲಷ್ಟೇ ಬಣ್ಣಕ್ಕೆ ಕುಂಚ ಏಳುತ್ತದೆ. ಹಾರ, ಕಿರೀಟಗಳ ಉಬ್ಬುಗೆಲಸವೂ ಉಳಿಯಿಂದ ಮೂಡಿದ್ದಲ್ಲ, ಅಂಟು ಬೆರೆಸಿದ ಕಲ್ಲುಪುಡಿಯಿಂದ ಮೂಡಿಸಿದ್ದು. ಬೆಸುಗೆಯ ಸಂದುಗಳೂ ಮರದ ಒರಟೂ ಹೀಗೆ ಮರೆಯಾಗುವುದರಿಂದ, ಅಲ್ಲಿ ಮರದ ಮೇಲೆಯೇ ನವಿರು ಗೆರೆ ತೆಗೆಯುವುದು ವ್ಯರ್ಥ ಶ್ರಮ.

ಹವ್ಯಾಸಿಯು ಯಾವ ದಾರಿ ಹಿಡಿದರೂ ಚೆನ್ನಾಗಿ ಒಣಗಿದ ಮರವನ್ನೇ ಆರಿಸಬೇಕು, ಏಕೆಂದರೆ ಹಸಿ ಮರ ಆರುತ್ತ ಕುಗ್ಗಿ ಬಿರುಕು ಬಿಡುತ್ತದೆ. ಮರವನ್ನು ಮುಚ್ಚದೆ ಬಿಡುವುದಾದರೆ 120ರಂಥ ಒರಟು ಮರಳು ಕಾಗದದಿಂದ ಆರಂಭಿಸಿ 220ರಂಥ ನಯವಾದದ್ದರವರೆಗೆ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡಡ್ಡ ಉಜ್ಜಿದ ಗೀರುಗಳು ಎಣ್ಣೆ ಹಚ್ಚಿದೊಡನೆ ಎದ್ದು ಕಾಣುತ್ತವೆ. ಮೆರುಗಿಗೆ ಬಳಸುವ ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುವುದರಿಂದ, ಅದರಲ್ಲಿ ನೆನೆದ ಬಟ್ಟೆಯನ್ನು ಮುದುಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸುವುದು ಕ್ಷೇಮ.

ಎಣ್ಣೆಯ ಮೆರುಗು ಉಳಿಯ ಪ್ರತಿಯೊಂದು ತಪ್ಪನ್ನೂ ತೋರಿಸಿಕೊಡುತ್ತದೆ, ಲೇಪವಾದರೋ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಆದ್ದರಿಂದ ಕೈ ಇನ್ನೂ ಪಳಗದವರಿಗೆ ಮೆತ್ತನೆಯ ಮರ, ಲೇಪ ಮತ್ತು ಬಣ್ಣದ ಕಿನ್ನಾಳದ ಮಾರ್ಗವೇ ಮೊದಲ ಪಾಠವಾಗುವುದು ಸೂಕ್ತ.