ನೂರು ಕೆಜಿಯವರೆಲ್ಲ ಎಂಬತ್ತಕ್ಕೆ ಇಳಿಯುವುದಿಲ್ಲ

‘ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡರೆ ಸಾಕು, ನೂರು ಕೆಜಿ ಇದ್ದವರು ಎಂಬತ್ತಕ್ಕೆ ಇಳಿಯುತ್ತಾರೆ.’

2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಎಂಬ ಔಷಧ ‘ಮೌಂಜಾರೊ’ ಹೆಸರಿನಲ್ಲಿ ಭಾರತಕ್ಕೆ ಬಂದ ಮೇಲೆ ಈ ಮಾತು ಮದುವೆಮನೆಯ ಪಂಕ್ತಿಯಲ್ಲೂ ಕಿವಿಗೆ ಬೀಳುತ್ತಿದೆ. ಸುಳ್ಳೇನಲ್ಲ, ಆದರೆ ಅರ್ಧ ಮಾತು. ಈ ಲೆಕ್ಕ ಬಂದದ್ದು 2022ರಲ್ಲಿ ಪ್ರಕಟವಾದ ಸರ್‌ಮೌಂಟ್-1 ಪ್ರಯೋಗದಿಂದ. 2,539 ಜನರ ಮೇಲೆ 72 ವಾರ ನಡೆದ ಪ್ರಯೋಗ ಅದು. 15 ಮಿಲಿಗ್ರಾಂ ಡೋಸ್ ಪಡೆದವರ ತೂಕ ಸರಾಸರಿ ಶೇ 20.9ರಷ್ಟು ಇಳಿಯಿತು, ಔಷಧವಿಲ್ಲದ ಹುಸಿ ಇಂಜೆಕ್ಷನ್ ಪಡೆದವರದು ಶೇ 3.1. ಆದರೆ ಮಧುಮೇಹಿಗಳನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ! ಟೈಪ್ 2 ಮಧುಮೇಹ ಇದ್ದ 938 ಜನರ ಮೇಲೆ ಪ್ರತ್ಯೇಕವಾಗಿ ನಡೆದ ಸರ್‌ಮೌಂಟ್-2ರಲ್ಲಿ, ಅದೇ ಡೋಸ್‌ಗೆ ಇಳಿದದ್ದು ಶೇ 14.7. ಭಾರತವೂ ಭಾಗವಹಿಸಿದ್ದ ಪ್ರಯೋಗ ಇದು. ನೂರು ಕೆಜಿ ಸುಮಾರು ಎಂಬತ್ತೈದಾಗುವುದು ಸಣ್ಣ ಫಲವಲ್ಲ. ಆದರೆ ಎಂಬತ್ತರ ಆಸೆ ಇಟ್ಟುಕೊಂಡ ಮಧುಮೇಹಿ ‘ನನಗೆ ಈ ಔಷಧ ಹಿಡಿಯಲಿಲ್ಲ’ ಎಂದು ಬಿಟ್ಟುಬಿಟ್ಟರೆ ನಷ್ಟ ಅವರಿಗೇ.

‘ಇಂಜೆಕ್ಷನ್ ಇದೆಯಲ್ಲ, ಪಥ್ಯ ಯಾಕೆ?’

ಈ ಎರಡೂ ಪ್ರಯೋಗಗಳಲ್ಲಿದ್ದ ಎಲ್ಲರಿಗೂ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನಲು, ವಾರಕ್ಕೆ 150 ನಿಮಿಷವಾದರೂ ನಡಿಗೆಯಂಥ ವ್ಯಾಯಾಮ ಮಾಡಲು ಹೇಳಲಾಗಿತ್ತು. ಮೇಲಿನ ಅಂಕಿಗಳು ಔಷಧ ಮತ್ತು ಪಥ್ಯ ಎರಡೂ ಸೇರಿ ಬಂದವು.

‘ತೂಕ ಇಳಿದ ಮೇಲೆ ನಿಲ್ಲಿಸಿಬಿಡಬಹುದು.’

ನನಗೆ ಹೆಚ್ಚು ಆತಂಕ ಹುಟ್ಟಿಸುವ ನಂಬಿಕೆ ಇದು. ಸರ್‌ಮೌಂಟ್-4 ಪ್ರಯೋಗದಲ್ಲಿ ಮೊದಲ 36 ವಾರ ಎಲ್ಲರಿಗೂ ಔಷಧ ಕೊಟ್ಟರು. ತೂಕ ಸರಾಸರಿ ಶೇ 20.9ರಷ್ಟು ಇಳಿಯಿತು. ಬಳಿಕ 670 ಜನರಲ್ಲಿ ಅರ್ಧದಷ್ಟು ಮಂದಿಯನ್ನು, ಯಾರೆಂದು ಅವರಿಗೂ ತಿಳಿಸದೆ, ಹುಸಿ ಇಂಜೆಕ್ಷನ್‌ಗೆ ಬದಲಾಯಿಸಿದರು. ಮುಂದಿನ 52 ವಾರಗಳಲ್ಲಿ ಔಷಧ ಮುಂದುವರಿಸಿದವರು ಮತ್ತೆ ಶೇ 5.5ರಷ್ಟು ಇಳಿದರೆ, ಔಷಧ ನಿಂತವರ ತೂಕ ಶೇ 14ರಷ್ಟು ಮರಳಿ ಏರಿತು. ಕಾರಣ ಸರಳ. ಊಟವಾದ ಮೇಲೆ ಕರುಳಿನಿಂದ ಹೊರಡುವ ಜಿಎಲ್‌ಪಿ-1, ಜಿಐಪಿ ಎಂಬ ಎರಡು ಹಾರ್ಮೋನುಗಳ ಕೆಲಸವನ್ನು ಈ ಔಷಧ ಮಾಡುತ್ತದೆ, ಹಸಿವನ್ನು ತಗ್ಗಿಸುತ್ತದೆ. ಅದು ನಿಂತರೆ ಹಸಿವು ಮರಳುತ್ತದೆ. ಬಿಪಿ ಮಾತ್ರೆ ಬಿಟ್ಟಾಗ ಬಿಪಿ ಏರಿದರೆ ಯಾರೂ ರೋಗಿಯ ಮನಸ್ಸು ಗಟ್ಟಿಯಿಲ್ಲ ಎನ್ನುವುದಿಲ್ಲ. ಬೊಜ್ಜಿನವರನ್ನು ಮಾತ್ರ ಯಾಕೆ ಹಾಗೆ ಹಂಗಿಸಬೇಕು? ವರ್ಷಗಟ್ಟಲೆ ಇದರ ಖರ್ಚು ತೂಗಿಸಬಲ್ಲೆವೇ ಎಂಬ ಲೆಕ್ಕವನ್ನು ಮೊದಲ ಇಂಜೆಕ್ಷನ್‌ಗೂ ಮುಂಚೆಯೇ ಹಾಕಬೇಕು.

ಇನ್ನೊಂದು ಮಾತು: ಈ ಔಷಧ ಇನ್ಸುಲಿನ್ ಅಲ್ಲ. ಟೈಪ್ 1 ಮಧುಮೇಹಿಗಳು ಇದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಅಡ್ಡಪರಿಣಾಮಗಳಲ್ಲಿ ವಾಕರಿಕೆ, ಭೇದಿ, ಮಲಬದ್ಧತೆ ಮುಖ್ಯವಾದವು. ಡೋಸ್ ಏರಿಸುವಾಗ ಹೆಚ್ಚು. ಅದಕ್ಕೇ 2.5 ಮಿಲಿಗ್ರಾಂನಿಂದ ಶುರುಮಾಡಿ, ಏರಿಸುವುದಾದರೆ ಕನಿಷ್ಠ ನಾಲ್ಕು ವಾರ ಬಿಟ್ಟು ಏರಿಸುತ್ತಾರೆ. ಪರಿಚಯದವರ ಡೋಸ್ ನೋಡಿ ನಿಮ್ಮದನ್ನು ನಿರ್ಧರಿಸಬೇಡಿ. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್ ಆಗಿದ್ದರೆ, ನಿಮಗೆ ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದರೆ, ವೈದ್ಯರು ಕೇಳುವವರೆಗೆ ಕಾಯದೆ ನೀವೇ ಹೇಳಿ.