ಬೆಟ್ಟದ ಸರೋವರದಲ್ಲಿ ಟ್ರೌಟ್‌ಗೆ ಗಾಳ: ತಣ್ಣೀರಿನ ಲೆಕ್ಕ ತಪ್ಪದಿರಲಿ

ಬಂಗುಡೆ, ಬೂತಾಯಿ, ಅಂಜಲ್ ತಿಂದು ಬೆಳೆದ ಕರಾವಳಿಯ ನಮ್ಮವರಿಗೆ ಮೀನುಗಾರಿಕೆ ಎಂದರೆ ಕಡಲು, ಬಲೆ ಮತ್ತು ದೋಣಿ. ಆದರೆ ನಮ್ಮ ಸಂಘ-ಸಂಸ್ಥೆಗಳ ಸದಸ್ಯರ ಮಕ್ಕಳಲ್ಲಿ ಅನೇಕರು ಇಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದಾರೆ. ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಬೆಟ್ಟದ ಸರೋವರಗಳಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವುದು ಅಲ್ಲಿನ ರಜಾದಿನದ ಹವ್ಯಾಸಗಳಲ್ಲೊಂದು. ಅದರ ಸೊಗಸಿನೊಂದಿಗೆ ಅಪಾಯವನ್ನೂ ಇಲ್ಲಿರುವ ತಂದೆ-ತಾಯಂದಿರು ತಿಳಿದಿರುವುದು ಒಳ್ಳೆಯದು.

ಸಿಯೆರಾ ನೆವಾಡಾ ಪರ್ವತಶ್ರೇಣಿಯ ಪೂರ್ವ ಮಗ್ಗುಲಲ್ಲಿ, ಸುಮಾರು 7,600 ಅಡಿ ಎತ್ತರದಲ್ಲಿ ಜೂನ್ ಲೇಕ್, ಕಾನ್ವಿಕ್ಟ್ ಲೇಕ್ ಮುಂತಾದ ಸರೋವರಗಳಿವೆ. ಅದೇ ಸೀಮೆಯ ಅಪ್ಪರ್ ಟ್ವಿನ್ ಲೇಕ್‌ನಲ್ಲಿ 1987ರಲ್ಲಿ 26 ಪೌಂಡ್ 8 ಔನ್ಸ್, ಅಂದರೆ ಸುಮಾರು 12 ಕಿಲೋ ತೂಗುವ ಬ್ರೌನ್ ಟ್ರೌಟ್ ಸಿಕ್ಕಿತ್ತು. ಅಂದಹಾಗೆ ಈ ಬ್ರೌನ್ ಟ್ರೌಟ್ ಕೂಡಾ ನಮ್ಮಂತೆಯೇ ವಲಸೆ ಬಂದದ್ದು. 1883ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಇದರ ಮೊಟ್ಟೆಗಳನ್ನು ತರಿಸಲಾಗಿತ್ತು.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಆಸ್ಪೆನ್ ಮರಗಳ ಎಲೆಗಳು ಹಳದಿ ಬಣ್ಣಕ್ಕೆ ತಿರುಗುತ್ತವೆ. ಗಾಳ ಹಾಕುವವರಿಗೂ ಅದುವೇ ಸುಗ್ಗಿಕಾಲ. ಬೇಸಿಗೆಯಲ್ಲಿ ಬೆಚ್ಚಗಿನ ಹಗುರ ನೀರು ಮೇಲೆ ನಿಲ್ಲುವುದರಿಂದ ತಂಪು ಬಯಸುವ ಟ್ರೌಟ್ ಆಳಕ್ಕೆ ಇಳಿಯುತ್ತದೆ. ಶರತ್ಕಾಲದ ರಾತ್ರಿಗಳಲ್ಲಿ ಮೇಲಿನ ನೀರು ತಣಿದು, ಭಾರವಾಗಿ ಕೆಳಗಿಳಿಯುತ್ತದೆ. ಹೀಗೆ ಸರೋವರದ ನೀರೆಲ್ಲಾ ಬೆರೆತು ಆಮ್ಲಜನಕ ಎಲ್ಲೆಡೆ ಹರಡುತ್ತದೆ. ಆಗ ಟ್ರೌಟ್ ಚಳಿಗಾಲಕ್ಕೆ ಮುನ್ನ ಹೊಟ್ಟೆ ತುಂಬಿಸಿಕೊಳ್ಳಲು ದಡದ ಸಮೀಪ ಬರುತ್ತದೆ. ಕಯಾಕ್‌ಗೆ ಎಂಜಿನ್ ಸದ್ದಿಲ್ಲ, ಹೆಚ್ಚು ಆಳವೂ ಬೇಕಿಲ್ಲ. ಮೆಲ್ಲನೆ ಹುಟ್ಟು ಹಾಕುತ್ತಾ ಹಿಂದೆ ಗಾಳ ಎಳೆದುಕೊಂಡು ಹೋದರಾಯಿತು.

ಆದರೆ ಮೀನನ್ನು ಮೇಲಕ್ಕೆ ತರುವ ಆ ತಣ್ಣೀರೇ ಮನುಷ್ಯನಿಗೆ ಮೃತ್ಯು. ತಣ್ಣೀರಿಗೆ ಬಿದ್ದವರ ಬಗ್ಗೆ ಅಧ್ಯಯನ ನಡೆಸಿದ ಕೆನಡಾದ ಪ್ರೊ. ಗಾರ್ಡನ್ ಗೀಸ್‌ಬ್ರೆಕ್ಟ್ ಅವರ ‘1-10-1’ ಸೂತ್ರ ಪ್ರಸಿದ್ಧವಾಗಿದೆ. ಮೊದಲ 1 ನಿಮಿಷ ಉಸಿರು ಏದುಸಿರಾಗಿ ಹತೋಟಿ ತಪ್ಪುತ್ತದೆ. ಸುಮಾರು 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಸುಮಾರು 1 ಗಂಟೆಯಲ್ಲಿ ಪ್ರಜ್ಞೆ ತಪ್ಪುತ್ತದೆ. ಲೈಫ್ ಜಾಕೆಟ್ ಇಲ್ಲದವರಲ್ಲಿ ಅನೇಕರು ಆ ಗಂಟೆಯವರೆಗೂ ಉಳಿಯುವುದಿಲ್ಲ. ಒಳ್ಳೆಯ ಈಜುಗಾರರೂ ಇದಕ್ಕೆ ಹೊರತಲ್ಲ.

1990ರ ಫೆಬ್ರವರಿಯಲ್ಲಿ ಇದೇ ಕಾನ್ವಿಕ್ಟ್ ಲೇಕ್‌ನಲ್ಲಿ ಮಂಜುಗಡ್ಡೆ ಒಡೆದು ಮೂವರು ಹುಡುಗರು ನೀರಿಗೆ ಬಿದ್ದಾಗ, ರಕ್ಷಿಸಲು ಹೋದ ನಾಲ್ವರೂ ಅವರೊಂದಿಗೆ ಅಸುನೀಗಿದ್ದರು.

ಆದ್ದರಿಂದ ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲೆ ಇರಬೇಕು. ಒದ್ದೆಯಾದರೆ ಬಿಸಿ ಉಳಿಸದ ಹತ್ತಿ ಬಟ್ಟೆ, ಜೀನ್ಸ್ ಬೇಡ. ನೀರು ಒಳಗೆ ನುಗ್ಗದ ಡ್ರೈಸೂಟ್ ಉತ್ತಮ. ಬೆಟ್ಟದಲ್ಲಿ ಮಧ್ಯಾಹ್ನದ ಬಳಿಕ ಗಾಳಿ ಏಳುವುದು ಸಾಮಾನ್ಯ, ಬೆಳಗ್ಗೆಯೇ ಹೋಗಿ ಬೇಗ ದಡ ಸೇರಬೇಕು. ಒಂಟಿಯಾಗಿ ಹೋಗದೆ, ಮರಳುವ ಸಮಯವನ್ನು ಯಾರಿಗಾದರೂ ತಿಳಿಸಿರಬೇಕು. ದೋಣಿ ಮಗುಚಿದರೆ ಅದನ್ನು ಬಿಡದೆ, ಮೊದಲು ಉಸಿರನ್ನು ಹತೋಟಿಗೆ ತಂದುಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ದಾಟಿದವರಿಗೆ ಮೀನು ಹಿಡಿಯಲು ಪರವಾನಗಿಯೂ ಕಡ್ಡಾಯ.

ಇನ್ನೊಂದು ಮಾತು. ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದಲ್ಲೇ. ತೊರೆಯ ಬಾಯಲ್ಲಿ ಮೊಟ್ಟೆಯಿಡಲು ಸೇರಿದ ಮೀನನ್ನು ಬಿಟ್ಟುಬಿಡುವುದು ಧರ್ಮ. ಮಳೆಗಾಲದಲ್ಲಿ ಬಲೆ ಬೀಸದೆ ಕಡಲಿಗೆ ಬಿಡುವು ಕೊಡುವ ನಮ್ಮ ಮೊಗವೀರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಸಂತೋಷಕ್ಕೆ ಅಡ್ಡಿಪಡಿಸುವುದು ಬೇಡ. ಈ ವಾರ ಫೋನ್ ಮಾಡುವಾಗ ‘ಊಟ ಆಯಿತಾ?’ ಎಂಬುದರ ಜೊತೆಗೆ ‘ಲೈಫ್ ಜಾಕೆಟ್ ಹಾಕಿಕೊಳ್ಳುತ್ತೀಯಾ ಮಗಾ?’ ಎಂದೂ ಕೇಳೋಣ.