ಮನೆಬಾಗಿಲಿಗೆ ಬಂದ ವಿಶ್ವವಿದ್ಯಾನಿಲಯ

ವಿದ್ಯೆ ಬೇಕಾದವನು ಗುರುವಿನ ಮನೆಯನ್ನು ಅರಸಿ ಹೋಗುವುದು ಹಿಂದಿನ ಪದ್ಧತಿ. ವಿದ್ಯೆಯೇ ವಿದ್ಯಾರ್ಥಿಯ ಮನೆಯನ್ನು ಅರಸಿ ಬರಬೇಕೆಂಬುದು ಇಂದಿನ ಹಂಬಲ. ನಮ್ಮ ನಾಡಿಗೆ ಇದು ತೀರ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಪ್ರಚಾರೋಪನ್ಯಾಸ ಮಾಡಿಸಿ, ಅವನ್ನು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. 1969ರಲ್ಲಿ ಅಂಚೆಯ ಮೂಲಕ ಪಾಠ ಹೇಳತೊಡಗಿತು. ಆ ಬೀಜವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಮೊಳೆಯಿತು. 2004ರಲ್ಲಿ ಪಾಠಕ್ಕೆಂದೇ ಎಡುಸ್ಯಾಟ್ ಉಪಗ್ರಹ ಆಕಾಶಕ್ಕೇರಿತು; 2017ರಲ್ಲಿ ‘ಸ್ವಯಂ’ ಅಂತರಜಾಲಕ್ಕೆ ಬಂದಿತು.

ಆದರೆ ಇವೆಲ್ಲದರ ಪರೀಕ್ಷೆ ನಡೆದುದು 2020ರ ಮಾರ್ಚಿಯಲ್ಲಿ, ಕಾಲೇಜುಗಳು ಬಾಗಿಲು ಹಾಕಿದಾಗ. ಮಲೆನಾಡಿನ ಮಕ್ಕಳು ಮೊಬೈಲು ಹಿಡಿದು ಗುಡ್ಡ ಹತ್ತಿದರು. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಯ ಬದಿಯಲ್ಲಿ, ಸುರಿವ ಮಳೆಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ವಾಚಕರು ಮರೆತಿರಲಾರರು.

ಭಂಡಿಗಡಿಯ ಅಳತೆಗೋಲು

ಕುವೆಂಪು ಹುಟ್ಟಿದ ಹಿರೇಕೊಡಿಗೆ ಇರುವುದು ಕೊಪ್ಪ ತಾಲ್ಲೂಕಿನಲ್ಲಿ. ಭಂಡಿಗಡಿ ಇರುವುದೂ ಅಲ್ಲಿಯೇ. ಈ ಸೀಮೆಯ ಪದವಿ ವಿದ್ಯಾರ್ಥಿಗಳಿಗೆ ಆ ಕವಿಯ ಹೆಸರಿನ, 1987ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೇ ಆಶ್ರಯ. ಇಂಥ ಸೀಮೆಯಲ್ಲಿ ಮನೆ ಮನೆಗೂ ನಡುವೆ ತೋಟ, ಗುಡ್ಡ, ಹಳ್ಳ. ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ದೂರಪಾಠದ ಯೋಜನೆ ಹಾಕುವವರು ಬೆಂಗಳೂರಿನ ಮನೆಯನ್ನಲ್ಲ, ಭಂಡಿಗಡಿಯಂಥ ಊರಿನ ಮನೆಯನ್ನು ಅಳತೆಗೋಲಾಗಿ ಹಿಡಿಯಬೇಕು.

ಲೆಕ್ಕ ಸುಲಭ. ನಲವತ್ತು ನಿಮಿಷದ ಪಾಠವನ್ನು ಸಾಧಾರಣ ವಿಡಿಯೋದಲ್ಲಿ ಕಳುಹಿಸಿದರೆ ಸುಮಾರು 300 ಮೆಗಾಬೈಟು ಬೇಕು. ಅದೇ ಪಾಠ ಧ್ವನಿಯಾಗಿ ಮಾತ್ರ ಬಂದರೆ 10 ಮೆಗಾಬೈಟು ಸಾಕು. ಬರಹವಾಗಿ ಬಂದರೆ ಒಂದೂ ಬೇಡ. ಕೊಪ್ಪದ ಪೇಟೆಗೆ ಬಂದಾಗ ಇಳಿಸಿಕೊಂಡು ಮನೆಯಲ್ಲಿ ಕೇಳಬಹುದಾದ ಪಾಠ, ಅದೇ ಗಳಿಗೆಯಲ್ಲಿ ನೋಡಲೇಬೇಕಾದ ಪಾಠಕ್ಕಿಂತ ಮೇಲಲ್ಲವೆ? ‘ಸ್ವಯಂ’ ಪಾಠಗಳಲ್ಲಿಯೂ ವಿಡಿಯೋದ ಜೊತೆಗೆ ಓದುವ ಸಾಮಗ್ರಿ, ಸ್ವಪರೀಕ್ಷೆ, ಸಂದೇಹ ಚರ್ಚೆ ಎಂಬ ಮೂರು ಅಂಗಗಳಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ಪಾಠವನ್ನು ಒಮ್ಮೆ ಮುದ್ರಿಸಿಟ್ಟರೆ ಅಧ್ಯಾಪಕನ ಕೆಲಸ ಮುಗಿಯಿತೆಂದು ಬಗೆಯುವವರುಂಟು. ನಿಜವಾಗಿ ಅಲ್ಲಿಂದಲೇ ಕೆಲಸ ಆರಂಭ. ಸಂದೇಹಕ್ಕೆ ಉತ್ತರಿಸಲು, ಉತ್ತರಪತ್ರಿಕೆ ತಿದ್ದಲು ವೇಳಾಪಟ್ಟಿಯಲ್ಲಿ ಗಂಟೆಗಳನ್ನು ಮೀಸಲಿಡದಿದ್ದರೆ, ಪಾಠ ಕೇಳುವವನು ಒಂಟಿಯಾಗುತ್ತಾನೆ. ಒಂಟಿಯಾದವನು ಓದನ್ನೇ ಬಿಡುತ್ತಾನೆ.

ಪದವಿಯ ಮಾನ

2021ರ ನಿಯಮದಂತೆ ಒಂದು ಸೆಮಿಸ್ಟರಿನಲ್ಲಿ ಒಂದು ಪದವಿಯ ಪಾಠಗಳಲ್ಲಿ ಶೇಕಡಾ 40ರವರೆಗೆ ‘ಸ್ವಯಂ’ ಮೂಲಕ ಕಲಿಯಲು ವಿಶ್ವವಿದ್ಯಾನಿಲಯವು ಅವಕಾಶ ಕೊಡಬಹುದು. ಅವಕಾಶ ದೊಡ್ಡದು, ಹೊಣೆಯೂ ದೊಡ್ಡದು. ತನ್ನ ಎಲ್ಲೆ ಮೀರಿ ಹೊರರಾಜ್ಯಗಳಲ್ಲಿ ಶಿಕ್ಷಣ ನಡೆಸಿದ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು 2015ರಲ್ಲಿ ಯು.ಜಿ.ಸಿ. ಹಿಂತೆಗೆದುಕೊಂಡಿತು, ಅದು ಮರಳಿ ದೊರೆತದ್ದು 2018ರಲ್ಲಿ. ನಡುವೆ ತೊಳಲಿದವರು ಫೀಜು ಕಟ್ಟಿ ಓದಿದ ವಿದ್ಯಾರ್ಥಿಗಳು.

ಆದುದರಿಂದ ಮಕ್ಕಳನ್ನು ಇಂಥ ಶಿಕ್ಷಣಕ್ಕೆ ಸೇರಿಸುವ ತಂದೆತಾಯಿಗಳು ಮೂರು ಪ್ರಶ್ನೆ ಕೇಳಲಿ: ಈ ಪದವಿಗೆ ಈ ವರ್ಷ ಮಾನ್ಯತೆ ಇದೆಯೆ? ಸಂದೇಹ ಬಂದರೆ ಉತ್ತರಿಸುವವರು ಯಾರು? ಪರೀಕ್ಷೆ ಎಲ್ಲಿ? ಈ ಮೂರಕ್ಕೆ ನೇರವಾಗಿ ಉತ್ತರ ಕೊಡಬಲ್ಲ ವಿಶ್ವವಿದ್ಯಾನಿಲಯವೇ ಮನೆಬಾಗಿಲಿಗೆ ಬರಲು ಯೋಗ್ಯವಾದುದು.